ಮೂಗು ಕಟ್ಟಿದವರ ಮನಸ್ಸು ಕುಗ್ಗುವುದೇಕೆ?

ಮೂಗು ಕಟ್ಟುವುದು, ಹಣೆ ಭಾರವಾಗುವುದು, ಗಂಟಲಿಗೆ ಕಫ ಇಳಿಯುವುದು 12 ವಾರಗಳನ್ನು ಮೀರಿದರೆ ಅದನ್ನು ದೀರ್ಘಕಾಲದ ಸೈನಸ್ ರೋಗವೆನ್ನುತ್ತಾರೆ. ಆಯುರ್ವೇದದ ದುಷ್ಟಪ್ರತಿಶ್ಯಾಯವನ್ನು ಇದು ಬಹುಮಟ್ಟಿಗೆ ಹೋಲುತ್ತದೆ. ಹೊಂಗನೂರಿನ ಸುತ್ತಮುತ್ತ ಇದನ್ನು ಕೆರಳಿಸುವ ವಸ್ತುಗಳಿಗೆ ಕೊರತೆಯಿಲ್ಲ: ರೇಷ್ಮೆ ಹುಳುಮನೆಯ ಸುಣ್ಣದ ಪುಡಿ ಮತ್ತು ಬ್ಲೀಚಿಂಗ್ ಪುಡಿ, ಚನ್ನಪಟ್ಟಣದ ಗೊಂಬೆ ಕೆಲಸದಲ್ಲಿ ಏಳುವ ಹಾಲೆಮರದ ಧೂಳು, ಸೌದೆ ಒಲೆಯ ಹೊಗೆ.

ಈ ರೋಗಿಗಳು ಮೂಗಿನ ವಿಷಯ ಹೇಳುತ್ತಾರೆ, ಮನಸ್ಸಿನದನ್ನು ಹೇಳುವುದಿಲ್ಲ. ತಲೆನೋವಿಗೆಂದು ಬಂದ ಗೃಹಿಣಿಯೊಬ್ಬರು, ಒಗ್ಗರಣೆ ಸೀದರೂ ತಮಗೆ ತಿಳಿಯದೆಂದರು. ನಿದ್ರೆಯ ಬಗ್ಗೆ ಕೇಳಿದೊಡನೆ ಕಣ್ಣು ತುಂಬಿತು. "ಮನೇಲಿ ಸೋಮಾರಿ ಅಂತಾರೆ ಡಾಕ್ಟ್ರೇ, ಬೆಳಿಗ್ಗೆ ಏಳೋಕೇ ಮನಸ್ಸು ಬರಲ್ಲ" ಎಂದರು. ಅದು ಸೋಮಾರಿತನವಲ್ಲ, ವ್ಯಾಧಿಯ ಇನ್ನೊಂದು ಮುಖ.

ಚರಕಸಂಹಿತೆಯ ಸೂತ್ರಸ್ಥಾನದ 20ನೆಯ ಅಧ್ಯಾಯವು 80 ವಾತವಿಕಾರಗಳನ್ನು ಪಟ್ಟಿ ಮಾಡುತ್ತದೆ. ವಾಸನೆ ತಿಳಿಯದಿರುವ ಘ್ರಾಣನಾಶ, ರುಚಿ ತಿಳಿಯದಿರುವ ಅರಸಜ್ಞತೆ, ನಿದ್ರೆ ಬಾರದ ಅಸ್ವಪ್ನ, ಮನಸ್ಸು ಕುಗ್ಗುವ ವಿಷಾದ, ಚಿತ್ತ ನಿಲ್ಲದಿರುವ ಅನವಸ್ಥಿತಚಿತ್ತತ್ವ, ಈ ಐದೂ ಅದೇ ಪಟ್ಟಿಯಲ್ಲಿವೆ. ನನಗೆ ಇದು ಕಾಕತಾಳೀಯವೆನಿಸುವುದಿಲ್ಲ. 2019ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಅಧ್ಯಯನವೊಂದು 16,224 ಸೈನಸ್ ರೋಗಿಗಳನ್ನು ಈ ರೋಗವಿಲ್ಲದವರೊಡನೆ ಹೋಲಿಸಿ ನೋಡಿತು. ಖಿನ್ನತೆ ಮತ್ತು ಆತಂಕ ಎರಡರ ಸಂಭವವೂ ರೋಗಿಗಳಲ್ಲಿ ಸುಮಾರು ಒಂದೂವರೆ ಪಟ್ಟು ಕಂಡುಬಂದಿತು. ರಾತ್ರಿಯೆಲ್ಲ ಬಾಯಿಂದ ಉಸಿರಾಡುವವನಿಗೆ ಗಾಢನಿದ್ರೆಯಿಲ್ಲ. ವಾಸನೆಯಿಲ್ಲದವನಿಗೆ ಊಟದ ಸುಖವಿಲ್ಲ. ತಿಂಗಳುಗಟ್ಟಲೆ ಹೀಗಾದರೆ ಮನಸ್ಸು ಬಾಡದಿರುವುದುಂಟೇ?

ಔಷಧಿಗಳ ವಿಷಯದಲ್ಲೂ ಎಚ್ಚರ ಬೇಕು. ಮೂಗು ಬಿಡಿಸುವ ಹನಿಗಳನ್ನು ಐದು ದಿನಕ್ಕಿಂತ ಹೆಚ್ಚು ಬಳಸಿದರೆ ಮೂಗು ಮೊದಲಿಗಿಂತ ಬಿಗಿಯಾಗಿ ಕಟ್ಟುವುದುಂಟು. ಅಲರ್ಜಿಗೆ ಕೊಡುವ ಮಾಂಟೆಲುಕಾಸ್ಟ್ ಮಾತ್ರೆಯಿಂದ ಕೆಲವರಲ್ಲಿ ಕೆಟ್ಟ ಕನಸು, ಖಿನ್ನತೆ, ಆತ್ಮಹತ್ಯೆಯ ಯೋಚನೆ ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಪ್ರಬಲ ಎಚ್ಚರಿಕೆ ನೀಡಿತು. ಈ ಮಾತ್ರೆ ಆರಂಭಿಸಿದ ನಂತರ ಸ್ವಭಾವ ಬದಲಾದಂತೆ ಕಂಡರೆ ಕೊಟ್ಟ ವೈದ್ಯರಿಗೆ ತಡಮಾಡದೆ ತಿಳಿಸಿರಿ.

ಧೂಳಿನ ಕೆಲಸದಲ್ಲಿ ಮೂಗು ಬಾಯಿ ಮುಚ್ಚುವ ಮಾಸ್ಕ್ ಧರಿಸಬೇಕು. ಜಲನೇತಿಗೆ ಕುದಿಸಿ ಆರಿಸಿದ ನೀರನ್ನೇ ಬಳಸಿ, ಲೀಟರಿಗೆ 9 ಗ್ರಾಂ ಉಪ್ಪು ಸೇರಿಸಬೇಕು. ಅಣುತೈಲದ ನಸ್ಯವನ್ನು ವೈದ್ಯರ ಸಮ್ಮುಖದಲ್ಲಿ ಕಲಿಯಿರಿ. ಜ್ವರವಿರುವಾಗ, ಹೊಸ ನೆಗಡಿಯಲ್ಲಿ ಬೇಡ. ಕಣ್ಣಿನ ಸುತ್ತ ಊತ ಬಂದರೆ, ದೃಷ್ಟಿ ಮಂಜಾದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೋಗಿರಿ.

ಎರಡು ವಾರಗಳಿಂದ ಯಾವುದರಲ್ಲೂ ಆಸಕ್ತಿಯಿಲ್ಲದವರಿಗೆ ನಸ್ಯವೊಂದೇ ಸಾಲದು, ಮನೋವೈದ್ಯರ ಚಿಕಿತ್ಸೆಯೂ ಬೇಕು. ಅವರು ಬರೆದುಕೊಟ್ಟ ಮಾತ್ರೆಯನ್ನು ಅಶ್ವಗಂಧದ ಭರವಸೆಯಲ್ಲಿ ನಿಲ್ಲಿಸುವುದನ್ನು ಆಯುರ್ವೇದ ವೈದ್ಯನಾದ ನಾನೂ ಒಪ್ಪುವುದಿಲ್ಲ. ಬದುಕೇ ಬೇಡವೆಂಬ ಮಾತು ಬಾಯಲ್ಲಿ ಬಂದರೆ ಅವರನ್ನು ಒಂಟಿಯಾಗಿ ಬಿಡದೆ, ಹಗಲಿರುಳೂ ಉಚಿತವಾಗಿ ದೊರೆಯುವ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿರಿ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.