ಗಣಕಯಂತ್ರದ ದುಭಾಷಿ: ಲಿನಕ್ಸಿನಲ್ಲಿ ಚಾಲಕಗಳ ತೊಡಕು

ಬೀದರದ ಪೇಟೆಯಲ್ಲಿ ಒಂದು ಗಳಿಗೆ ನಿಂತರೆ ಕನ್ನಡ, ಮರಾಠಿ, ತೆಲುಗು, ಉರ್ದು ಈ ನಾಲ್ಕು ನುಡಿಗಳೂ ಕಿವಿಗೆ ಬೀಳುತ್ತವೆ. ಔರಾದ ಕಡೆಯಿಂದ ಬಂದವನು ಮರಾಠಿಯಲ್ಲಿ ಬೆಲೆ ಕೇಳಿದರೆ ಅಂಗಡಿಯವನು ಉರ್ದುವಿನಲ್ಲಿ ಉತ್ತರ ಕೊಡಬಹುದು. ಆದರೂ ವ್ಯವಹಾರ ನಿಲ್ಲುವುದಿಲ್ಲ. ಇಬ್ಬರಿಗೂ ಎರಡು ನುಡಿಗಳು ಅಷ್ಟಿಷ್ಟು ಬರುತ್ತವೆ. ಬಾರದಿದ್ದರೆ ಪಕ್ಕದಲ್ಲಿ ನಿಂತವನು ದುಭಾಷಿಯಾಗುತ್ತಾನೆ.

ಗಣಕಯಂತ್ರದ ಒಳಗೂ ಇಂಥ ಹಲವು ನುಡಿಗಳಿವೆ. ಯಂತ್ರವನ್ನೆಲ್ಲ ಆಳತಕ್ಕ ಕಾರ್ಯಾಚರಣ ವ್ಯವಸ್ಥೆಗೆ ಒಂದು ನುಡಿ. ನಿಸ್ತಂತು ಜಾಲದ ಕಾರ್ಡು, ಚಿತ್ರ ಕಾರ್ಡು, ಮುದ್ರಕ, ಧ್ವನಿಯ ಚಿಪ್ ಇವುಗಳಲ್ಲಿ ಒಂದೊಂದಕ್ಕೂ ಒಂದೊಂದು ನುಡಿ. ನಡುವೆ ನಿಂತು ಒಂದರ ಮಾತನ್ನು ಇನ್ನೊಂದಕ್ಕೆ ತಿಳಿಸುವ ತಂತ್ರಾಂಶಕ್ಕೆ ಚಾಲಕ, ಅಂದರೆ ಡ್ರೈವರ್, ಎಂದು ಹೆಸರು. ಈ ದುಭಾಷಿ ಇಲ್ಲದಿದ್ದರೆ ಯಂತ್ರಾಂಗವು ಕೆಟ್ಟಿಲ್ಲದಿದ್ದರೂ ಮೂಕವಾಗಿ ಕುಳಿತಿರುತ್ತದೆ. ಲಿನಕ್ಸನ್ನು ಹೊಸದಾಗಿ ಹಾಕಿಕೊಂಡವರ ಬೇಸರದಲ್ಲಿ ದೊಡ್ಡ ಪಾಲು ಈ ಮೌನದಿಂದ ಹುಟ್ಟಿದ್ದು. ಅದರ ಕಾರಣವನ್ನೂ ನಿವಾರಣೆಯ ಕ್ರಮವನ್ನೂ ಈಗ ವಿಚಾರ ಮಾಡೋಣ.

ಕೊಳಾರದ ಒಂದು ಮೇಜು

ಬೀದರ ನಗರದ ನೆರೆಯ ಕೊಳಾರದಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಾಳೆಂದು ಊಹಿಸಿಕೊಳ್ಳೋಣ. ಅಲ್ಲಿಯ ಕೈಗಾರಿಕಾ ಪ್ರದೇಶದ ಒಂದು ಕಚೇರಿಯವರು ಮಾರಿದ ಹಳೆಯ ಮೇಜುಗಣಕವನ್ನು ಅವಳ ತಂದೆ ಕಡಿಮೆ ಬೆಲೆಗೆ ತಂದಿದ್ದಾನೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಅಪೇಕ್ಷಿಸುವ ಭದ್ರತಾ ಚಿಪ್ ಈ ಯಂತ್ರದಲ್ಲಿಲ್ಲ. ಆದಕಾರಣ ಅವಳು ಲಿನಕ್ಸನ್ನು ಹಾಕುತ್ತಾಳೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಪರದೆಯ ಮೇಲಣ ಅಕ್ಷರಗಳು ದಪ್ಪಗೆ, ಒರಟಾಗಿ ಕಾಣುತ್ತವೆ. ನಿಸ್ತಂತು ಜಾಲದ ಹೆಸರೇ ತೋರುವುದಿಲ್ಲ. ಮುದ್ರಕದಿಂದ ಕಾಗದ ಹೊರಬರುವುದಿಲ್ಲ.

ಚಾಲಕವನ್ನು ಅಂತರಜಾಲದಿಂದ ತರಬೇಕು. ಅಂತರಜಾಲವನ್ನು ಸೇರಲು ಚಾಲಕ ಬೇಕು. ಹುಚ್ಚು ಬಿಡದ ಹೊರತು ಮದುವೆಯಾಗದು, ಮದುವೆಯಾಗದ ಹೊರತು ಹುಚ್ಚು ಬಿಡದು ಎಂಬ ಗಾದೆಯಂತಾಯಿತು. ಮನೆಗಿರುವುದು ಇದೊಂದೇ ಯಂತ್ರ. ಇದು ಕೆಲಸಕ್ಕೆ ಬಾರದೆಂದು ಮೂಲೆಗೆ ತಳ್ಳಿದರೆ ತಂದೆಯ ಹಣವೂ ಹೋಯಿತು, ಮಗಳು ಕಲಿಯುವ ಅವಕಾಶವೂ ಹೋಯಿತು. ಹೀಗೆ ಮೂಲೆ ಸೇರಿದ ಎಷ್ಟೋ ಯಂತ್ರಗಳಲ್ಲಿ ನಿಜವಾದ ದೋಷವೇ ಇರುವುದಿಲ್ಲ ಎಂಬುದನ್ನು ಮೊದಲು ಮನಗಾಣಬೇಕು.

ತೊಡಕಿನ ಮೂಲ

ಲಿನಸ್ ಟೊರ್ವಾಲ್ಡ್ಸ್ ಎಂಬ ಹೆಲ್ಸಿಂಕಿಯ ವಿದ್ಯಾರ್ಥಿಯು 1991ರ ಆಗಸ್ಟ್ 25ರಂದು ತನ್ನ ಹೊಸ ವ್ಯವಸ್ಥೆಯ ಸುದ್ದಿಯನ್ನು ಪ್ರಕಟಿಸಿದನು. ಅದು ಒಂದೇ ಬಗೆಯ ಹಾರ್ಡ್ ಡಿಸ್ಕಿನ ಮೇಲೆ ನಡೆದೀತು, ಏಕೆಂದರೆ ತನ್ನ ಬಳಿ ಇರುವುದು ಅದೊಂದೇ, ಎಂದು ಅವನು ಅಂದೇ ಹೇಳಿದ್ದನು. ಈ ಮಾತಿನಲ್ಲಿ ಇಡೀ ತೊಡಕಿನ ಬೀಜವಿದೆ. ಯಾವ ಯಂತ್ರಾಂಗವು ಬರೆಯುವವನ ಮೇಜಿನ ಮೇಲಿತ್ತೋ, ಯಾವುದರ ವಿವರ ಅವನಿಗೆ ತಿಳಿದಿತ್ತೋ, ಅದಕ್ಕೆ ಮಾತ್ರ ಚಾಲಕವು ಹುಟ್ಟಿತು.

ವಿಂಡೋಸಿಗೆ ಬೇಕಾದ ಚಾಲಕವನ್ನು ಸಾಮಾನ್ಯವಾಗಿ ಯಂತ್ರಾಂಗದ ತಯಾರಕರೇ ಬರೆದುಕೊಡುತ್ತಾರೆ. ಕೊಳ್ಳುವವರು ಬಹು ಮಂದಿ ಇರುವುದರಿಂದ ಅವರಿಗೆ ಅದು ಲಾಭದ ಕೆಲಸ. ಲಿನಕ್ಸಿಗೂ ಬರೆಯುವ ತಯಾರಕರು ಇಂದು ಅನೇಕರಿದ್ದಾರೆ. ಆದರೆ ಕೆಲವರು ಬರೆಯುವುದೂ ಇಲ್ಲ, ಇತರರು ಬರೆಯಲು ಬೇಕಾದ ವಿವರವನ್ನು ಕೊಡುವುದೂ ಇಲ್ಲ. ಇದು ಹಳೆಯ ಜಗಳ. 1980ರ ಸುಮಾರಿಗೆ ಅಮೆರಿಕದ ಎಂಐಟಿ ಪ್ರಯೋಗಶಾಲೆಗೆ ಜೆರಾಕ್ಸ್ ಸಂಸ್ಥೆಯ ಲೇಸರ್ ಮುದ್ರಕವೊಂದು ಬಂದಿತು. ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ತಿಳಿಯುವಂತೆ ಅದರ ತಂತ್ರಾಂಶವನ್ನು ತಿದ್ದಬೇಕೆಂದು ರಿಚರ್ಡ್ ಸ್ಟಾಲ್ಮನ್ ಬಯಸಿದನು. ಮೂಲ ಬರಹವು ಅವನಿಗೆ ದೊರೆಯಲಿಲ್ಲ. 1983ರಲ್ಲಿ ಅವನು ಸಾರಿದ ಸ್ವತಂತ್ರ ತಂತ್ರಾಂಶದ ಯೋಜನೆಗೆ ಈ ಮುದ್ರಕವೂ ಒಂದು ಪ್ರೇರಣೆಯಾಯಿತು.

ವಿವರ ದೊರೆಯದಿದ್ದಾಗ ಉಳಿಯುವ ದಾರಿ ಶೋಧನೆಯದು. ಬ್ರಾಡ್‌ಕಾಮ್ ಸಂಸ್ಥೆಯ ನಿಸ್ತಂತು ಚಿಪ್‌ಗಳಿಗಾಗಿ ಸ್ವಯಂಸೇವಕರ ಒಂದು ತಂಡವು ಆಗಲೇ ಇದ್ದ ಚಾಲಕವನ್ನು ಬಿಡಿಸಿ ನೋಡಿ, ಚಿಪ್ಪಿನ ನಡವಳಿಕೆಯನ್ನು ಬರಹಕ್ಕಿಳಿಸಿತು. ಆ ಬರಹವನ್ನು ಮಾತ್ರ ಓದಿದ ಇನ್ನೊಂದು ತಂಡವು ಹೊಸ ಚಾಲಕವನ್ನು ರಚಿಸಿತು. 2006ರಲ್ಲಿ ಅದು ಲಿನಕ್ಸಿನ ತಿರುಳಾದ ಕರ್ನಲನ್ನು ಸೇರಿತು. 2010ರಲ್ಲಿ ಸಂಸ್ಥೆಯೇ ತನ್ನ ಕೆಲವು ಚಿಪ್‌ಗಳಿಗೆ ಮುಕ್ತ ಚಾಲಕವನ್ನು ಹೊರತಂದಿತು. ಚಿತ್ರ ಕಾರ್ಡುಗಳ ಎನ್ವಿಡಿಯಾ ಸಂಸ್ಥೆಯು ತನ್ನ ಚಾಲಕದಲ್ಲಿ ಕರ್ನಲ್ಲಿಗೆ ಸೇರುವ ಭಾಗವನ್ನು ಮುಕ್ತಗೊಳಿಸಿದ್ದು 2022ರ ಮೇ ತಿಂಗಳಲ್ಲಿ. ಅದೂ ಹೊಸ ಪೀಳಿಗೆಯ ಕಾರ್ಡುಗಳಿಗೆ ಮಾತ್ರ.

ಮೊದಲು ಸಂಖ್ಯೆ, ಆಮೇಲೆ ಹೆಸರು

ವೈದ್ಯನು ನಾಡಿ ನೋಡದೆ ಮದ್ದು ಕೊಡುವುದಿಲ್ಲ. ನಾವೂ ಕಂಡ ಕಂಡ ಆಜ್ಞೆಗಳನ್ನು ಯಂತ್ರಕ್ಕೆ ಉಣಿಸಬಾರದು. ಪೆಟ್ಟಿಗೆಯ ಮೇಲೆ ಅಚ್ಚಾದ ಹೆಸರನ್ನು ನಂಬುವುದೂ ತಪ್ಪು. ಏಕೆಂದರೆ ಒಂದೇ ಹೆಸರಿನ ಜಾಲದ ಕಾರ್ಡಿನಲ್ಲಿ ಈ ವರ್ಷ ಒಂದು ಚಿಪ್, ಮುಂದಿನ ವರ್ಷ ಇನ್ನೊಂದು ಚಿಪ್ ಇರಬಹುದು. ನಂಬತಕ್ಕದ್ದು ಗುರುತಿನ ಸಂಖ್ಯೆಯನ್ನು. ಪ್ರತಿಯೊಂದು ಕಾರ್ಡೂ ಯಂತ್ರವು ಎಚ್ಚರಗೊಂಡಾಗ ಎರಡು ಸಂಖ್ಯೆಗಳನ್ನು ಒಪ್ಪಿಸುತ್ತದೆ: ಒಂದು ತಯಾರಕರದು, ಇನ್ನೊಂದು ಆ ಮಾದರಿಯದು. ಒಂದೊಂದರಲ್ಲೂ ನಾಲ್ಕು ಸ್ಥಾನ. ಇಂಟೆಲ್ ಸಂಸ್ಥೆಯ ಸಂಖ್ಯೆ 8086. ಅದು 1978ರಲ್ಲಿ ಬಂದ ಅದರ ಪ್ರಸಿದ್ಧ ಸಂಸ್ಕಾರಕದ ಹೆಸರೂ ಹೌದು. ಎಎಂಡಿ ಸಂಸ್ಥೆಯದು 1022.

ಲಿನಕ್ಸಿನಲ್ಲಿ ‘ಎಲ್‌ಎಸ್‌ಪಿಸಿಐ’ ಎಂಬ ಆಜ್ಞೆಯು ಒಳಗಿನ ಕಾರ್ಡುಗಳನ್ನೂ ‘ಎಲ್‌ಎಸ್‌ಯುಎಸ್‌ಬಿ’ ಎಂಬುದು ಹೊರಗಿನಿಂದ ಸಿಕ್ಕಿಸಿದ ಉಪಕರಣಗಳನ್ನೂ ಪಟ್ಟಿಮಾಡುತ್ತವೆ. ಮೊದಲನೆಯದಕ್ಕೆ ‘ಎನ್‌ಎನ್‌ಕೆ’ ಎಂಬ ಸೂಚನೆಯನ್ನು ಸೇರಿಸಿದರೆ ಗುರುತಿನ ಸಂಖ್ಯೆಯೂ, ಯಾವ ಚಾಲಕವು ಅದನ್ನು ನೋಡಿಕೊಳ್ಳುತ್ತಿದೆ ಎಂಬುದೂ ತೋರುತ್ತವೆ. ಚಾಲಕದ ಸಾಲು ಇಲ್ಲದಿದ್ದರೆ ದುಭಾಷಿ ಬಂದಿಲ್ಲವೆಂದು ಅರ್ಥ. ಕಾರ್ಡೇ ಪಟ್ಟಿಯಲ್ಲಿಲ್ಲದಿದ್ದರೆ ಅದು ಸರಿಯಾಗಿ ಕೂತಿಲ್ಲ, ಇಲ್ಲವೆ ನಿಜವಾಗಿಯೂ ಕೆಟ್ಟಿದೆ. ಈ ಎರಡು ಸ್ಥಿತಿಗಳ ಭೇದವನ್ನು ಅರಿತರೆ ಅರ್ಧ ಕೆಲಸ ಮುಗಿದಂತೆ.

ದುಭಾಷಿ ಬಂದರೂ ಮಾತು ನಡೆಯದಿದ್ದರೆ

ಚಾಲಕವಿದ್ದೂ ಕೆಲಸ ಸಾಗದಿರುವುದಕ್ಕೆ ಮೂರು ಕಾರಣಗಳು ಹೆಚ್ಚಾಗಿ ಕಂಡುಬರುತ್ತವೆ.

ಮೊದಲನೆಯದು ಫರ್ಮ್‌ವೇರ್ ಇಲ್ಲದಿರುವುದು. ಇಂದಿನ ನಿಸ್ತಂತು ಕಾರ್ಡು ತಾನೇ ಒಂದು ಪುಟ್ಟ ಗಣಕ. ಅದರ ಒಳಗೆ ನಡೆಯತಕ್ಕ ತಂತ್ರಾಂಶವನ್ನು ಪ್ರತಿಸಲವೂ ಹೊರಗಿನಿಂದ ತುಂಬಬೇಕು. ಆ ಕಡತದ ಮೂಲ ಬರಹ ಸಾಮಾನ್ಯವಾಗಿ ಗುಟ್ಟಿನದು. ಆದುದರಿಂದ ಡೆಬಿಯನ್ ಎಂಬ ವಿತರಣೆಯು ಬಹುಕಾಲ ಅದನ್ನು ತನ್ನ ಅಧಿಕೃತ ಸ್ಥಾಪನಾ ಪ್ರತಿಯಲ್ಲಿ ಸೇರಿಸುತ್ತಿರಲಿಲ್ಲ. 2022ರಲ್ಲಿ ಸದಸ್ಯರು ಮತ ಹಾಕಿ ನಿಯಮವನ್ನು ಬದಲಿಸಿದರು. 2023ರ ಜೂನಿನಲ್ಲಿ ಬಂದ 12ನೆಯ ಆವೃತ್ತಿಯಿಂದ ಅದು ಜೊತೆಗೇ ಬರುತ್ತದೆ. ‘ಡಿಮೆಸ್ಜ್’ ಎಂಬ ಆಜ್ಞೆ ತೋರಿಸುವ ಕರ್ನಲ್ಲಿನ ದಿನಚರಿಯಲ್ಲಿ ಕಡತ ಸಿಗಲಿಲ್ಲವೆಂಬ ದೂರು ಕಂಡರೆ ಕಾರಣ ಇದೇ.

ಎರಡನೆಯದು ಕರ್ನಲ್ ಬದಲಾಗುವುದು. ಕರ್ನಲ್ಲಿನ ಜೊತೆಗೇ ಬರುವ ಚಾಲಕವು ಅದರೊಡನೆಯೇ ತಿದ್ದುಪಡಿ ಹೊಂದುತ್ತದೆ. ಹೊರಗಿನಿಂದ ತಂದು ಸೇರಿಸಿದ ಚಾಲಕಕ್ಕೆ ಆ ಭಾಗ್ಯವಿಲ್ಲ. ಕರ್ನಲ್ಲಿನ ಒಳಗಣ ಒಪ್ಪಂದಗಳು ಆವೃತ್ತಿಯಿಂದ ಆವೃತ್ತಿಗೆ ಬದಲಾಗುತ್ತವೆ. ನಿನ್ನೆ ನಡೆದ ಚಿತ್ರ ಕಾರ್ಡು ಇಂದು ಕಪ್ಪು ಪರದೆ ತೋರುವುದು ಇದರಿಂದಲೇ. ಇದಕ್ಕಾಗಿ ಡೆಲ್ ಸಂಸ್ಥೆಯಲ್ಲಿ ಹುಟ್ಟಿದ ‘ಡಿಕೆಎಂಎಸ್’ ಎಂಬ ಸಾಧನವು ಹೊಸ ಕರ್ನಲ್ ಬಂದಾಗಲೆಲ್ಲ ಚಾಲಕವನ್ನು ತಾನಾಗಿ ಮತ್ತೆ ಕಟ್ಟುತ್ತದೆ. ಅದಕ್ಕೆ ಆ ಕರ್ನಲ್ಲಿನ ‘ಹೆಡರ್’ ಕಡತಗಳೂ ಬೇಕು. ಅವು ಇಲ್ಲದಿದ್ದರೆ ಕಟ್ಟುವ ಕೆಲಸ ನಡುವೆಯೇ ನಿಲ್ಲುತ್ತದೆ. ಆಗ ಯಂತ್ರವನ್ನು ಆರಂಭಿಸುವ ಪಟ್ಟಿಯಲ್ಲಿ ಹಳೆಯ ಕರ್ನಲನ್ನು ಆರಿಸಿಕೊಂಡು ಒಳಗೆ ಹೋಗಿ, ಕೊರತೆಯನ್ನು ತುಂಬಬಹುದು.

ಮೂರನೆಯದು ಸಹಿ ಇಲ್ಲದಿರುವುದು. ‘ಸೆಕ್ಯೂರ್ ಬೂಟ್’ ಎಂಬ ಕಾವಲು ಜಾರಿಯಲ್ಲಿದ್ದರೆ, ನಂಬತಕ್ಕ ಸಹಿ ಇಲ್ಲದ ಚಾಲಕವನ್ನು ಅನೇಕ ವಿತರಣೆಗಳ ಕರ್ನಲ್ ಒಳಗೆ ಬಿಡುವುದಿಲ್ಲ. ಸ್ಥಾಪನೆಯ ಕಾಲದಲ್ಲಿ ಒಂದು ಗುಪ್ತಪದವನ್ನು ಕೇಳಿ, ಮುಂದಿನ ಆರಂಭದಲ್ಲಿ ನೀಲಿ ಪರದೆಯ ಮೇಲೆ ಅದನ್ನೇ ಮತ್ತೆ ಕೇಳುವುದು ಈ ಸಹಿಯ ನೋಂದಣಿಗಾಗಿ. ಎಷ್ಟೋ ಜನರು ಗಾಬರಿಯಿಂದ ಆ ಪರದೆಯನ್ನು ದಾಟಿಬಿಡುತ್ತಾರೆ. ಚಾಲಕವು ಹೊರಗೇ ಉಳಿಯುತ್ತದೆ.

ಮುದ್ರಕದ ಮಾತನ್ನು ಇಲ್ಲಿಯೇ ಹೇಳಬಹುದು. ಅಗ್ಗದ ಕೆಲವು ಮುದ್ರಕಗಳು ಪುಟವನ್ನು ರಚಿಸುವ ಬುದ್ಧಿಯನ್ನು ತಮ್ಮಲ್ಲಿಟ್ಟುಕೊಳ್ಳದೆ ಗಣಕದ ಮೇಲೆಯೇ ಹೊರಿಸುತ್ತವೆ. ತಯಾರಕರ ಚಾಲಕವಿಲ್ಲದೆ ಅವು ಅಲುಗವು. ಜಾಲದ ಮೂಲಕ ಸಾಮಾನ್ಯ ನುಡಿಯಲ್ಲಿ ಮಾತನಾಡುವ ಹೊಸ ಮುದ್ರಕಗಳಿಗೆ ಪ್ರತ್ಯೇಕ ಚಾಲಕವೇ ಬೇಡ.

ಮತ್ತೆ ಕೊಳಾರಕ್ಕೆ

ಈಗ ನಮ್ಮ ವಿದ್ಯಾರ್ಥಿನಿಯ ಮೇಜಿಗೆ ಮರಳೋಣ. ಅವಳು ಮನೆಯ ಮೊಬೈಲನ್ನು ತಂತಿಯಿಂದ ಗಣಕಕ್ಕೆ ಸೇರಿಸಿ ‘ಯುಎಸ್‌ಬಿ ಟೆದರಿಂಗ್’ ಎಂಬುದನ್ನು ಆರಂಭಿಸಲಿ. ಇದಕ್ಕೆ ಬೇಕಾದ ಚಾಲಕವು ಸಾಮಾನ್ಯವಾಗಿ ಕರ್ನಲ್ಲಿನಲ್ಲಿಯೇ ಇರುವುದರಿಂದ ಅಂತರಜಾಲವು ಒದಗಿ, ಗಾದೆಯ ಗಂಟು ಸಡಿಲುತ್ತದೆ. ಆಮೇಲೆ ಸಂಖ್ಯೆಯನ್ನು ನೋಡುವುದು, ದಿನಚರಿಯನ್ನು ಓದುವುದು, ವಿತರಣೆಯ ಭಂಡಾರದಲ್ಲಿರುವ ಚಾಲಕವನ್ನೇ ಹಾಕುವುದು, ಒಮ್ಮೆಗೆ ಒಂದನ್ನೇ ಬದಲಿಸಿ ಪರೀಕ್ಷಿಸುವುದು, ಮಾಡಿದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ರಸಾಯನಶಾಸ್ತ್ರದ ಪ್ರಯೋಗಕ್ಕೆ ಅನ್ವಯಿಸುವ ಶಿಸ್ತು ಇಲ್ಲಿಗೂ ಅನ್ವಯಿಸುತ್ತದೆ. ಯಂತ್ರವನ್ನು ಇನ್ನೂ ಕೊಳ್ಳದವರು ಪೆನ್ ಡ್ರೈವಿನಿಂದಲೇ ಲಿನಕ್ಸನ್ನು ನಡೆಸಿ, ಜಾಲ, ಧ್ವನಿ, ಪರದೆಗಳನ್ನು ನೋಡಿಕೊಂಡು ಹಣ ಕೊಡಬಹುದು.

ಹೀಗೆ ಒಬ್ಬರು ಬರೆದಿಟ್ಟದ್ದು ಹಲವರಿಗೆ ಉಪಯೋಗವಾಗುತ್ತದೆ. ಕೇರಳದ ಶಾಲೆಗಳಲ್ಲಿ ‘ಕೈಟ್’ ಎಂಬ ಸರ್ಕಾರಿ ಸಂಸ್ಥೆಯು ಉಬುಂಟುವಿನ ಆಧಾರದ ಮೇಲೆ ಸಿದ್ಧಪಡಿಸಿದ ಲಿನಕ್ಸ್ ನಡೆಯುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಪಾಠ ಕಲಿಯುತ್ತಾರೆ. ಎಲ್ಲರದೂ ಒಂದೇ ವ್ಯವಸ್ಥೆಯಾದಾಗ ಒಂದು ಶಾಲೆಯ ಯಂತ್ರಕ್ಕೆ ಕಂಡುಕೊಂಡ ಪರಿಹಾರವು ಅದೇ ಮಾದರಿಯ ಇತರ ಯಂತ್ರಗಳಿಗೂ ಸಲ್ಲುತ್ತದೆ. ಬೀದರ, ಭಾಲ್ಕಿ, ಔರಾದಗಳ ಕಾಲೇಜುಗಳಲ್ಲಿ ವಿದ್ಯಾರ್ಥಿಗಳು ಯಂತ್ರದ ಮಾದರಿ, ಗುರುತಿನ ಸಂಖ್ಯೆ, ಫಲಿಸಿದ ಚಾಲಕ ಇಷ್ಟನ್ನು ಒಂದು ಪಟ್ಟಿಯಲ್ಲಿ ಕನ್ನಡದಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಬರುವವರಿಗೆ ಒಂದು ರಾತ್ರಿಯ ಸಂಕಟ ತಪ್ಪುತ್ತದೆ.

ಅಭ್ಯಾಸ

1. ಕಾರ್ಡು ಪಟ್ಟಿಯಲ್ಲಿ ತೋರದಿರುವುದಕ್ಕೂ ಚಾಲಕದ ಸಾಲು ತೋರದಿರುವುದಕ್ಕೂ ಭೇದವೇನು?
2. ನಿಮ್ಮ ಮನೆಯ ಇಲ್ಲವೆ ಕಾಲೇಜಿನ ಗಣಕದಲ್ಲಿರುವ ಜಾಲದ ಕಾರ್ಡಿನ ಎರಡು ಗುರುತಿನ ಸಂಖ್ಯೆಗಳನ್ನು ಕಂಡುಹಿಡಿಯಿರಿ.
3. ಕರ್ನಲ್ಲಿನೊಡನೆ ಬರುವ ಚಾಲಕವು ಹೊರಗಿನಿಂದ ತಂದದ್ದಕ್ಕಿಂತ ಹೆಚ್ಚು ಕಾಲ ಬಾಳುವುದೇಕೆ?