ಅಡಿಗೆಮನೆಯ ಪ್ಲಾಸ್ಟಿಕ್ ಡಬ್ಬಿ: ಅದನ್ನು ಆರಿಸುವ ಬಗೆ

ಪುಣೆಯಲ್ಲಿ ನೆಲಸಿದ ಕನ್ನಡ ಮನೆಗಳಿಗೆ ಊರ ಕಡೆಯಿಂದ ಬುತ್ತಿಯ ಗಂಟು ಬರುವದು ಇಂದಿಗೂ ನಿಂತಿಲ್ಲ. ಧಾರವಾಡ, ವಿಜಯಪುರ, ಕಲಬುರ್ಗಿಗಳಿಂದ ರಾತ್ರಿಯ ಬಸ್ಸಿನಲ್ಲಿ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಖಡಕ್ ರೊಟ್ಟಿ, ಉಪ್ಪಿನಕಾಯಿಗಳು ಬಂದಿಳಿಯುತ್ತವೆ. ಕೋಣೆ ಹಿಡಿದು ಓದುವ ಹುಡುಗರಿಗೂ ಹೊಸದಾಗಿ ಸಂಸಾರ ಹೂಡಿದವರಿಗೂ ಅದು ತಿಂಗಳಿನ ಆಧಾರ. ಆದರೆ ಮಳೆಗಾಲ ಬಂತೆಂದರೆ ಚಟ್ನಿ ಕಮಟು ಹಿಡಿಯಿತು, ಹಿಟ್ಟು ಕಹಿಯಾಯಿತು, ಚಿವಡಾ ಮೆತ್ತಗಾಯಿತು ಎಂಬ ದೂರು ಮನೆಮನೆಯಲ್ಲಿ ಕೇಳಿಬರುತ್ತದೆ. ಆಗ ಎಲ್ಲರೂ ಆಡುವ ಮಾತು ಒಂದೇ: “ಒಳ್ಳೆಯ ಡಬ್ಬಿ ತರಬೇಕು.” ಒಳ್ಳೆಯ ಡಬ್ಬಿ ಎಂದರೆ ಯಾವದು? ತುಳಶೀಬಾಗಿನಲ್ಲಾಗಲಿ ರವಿವಾರ ಪೇಠೆಯ ಬೋಹರಿ ಆಳಿಯಲ್ಲಾಗಲಿ, ಒಂದರ ಮೇಲೊಂದು ಒಟ್ಟಿದ ಬಣ್ಣಬಣ್ಣದ ಡಬ್ಬಿಗಳ ಮುಂದೆ ನಿಂತಾಗ ಈ ಪ್ರಶ್ನೆಗೆ ಉತ್ತರ ಸುಲಭವಾಗಿ ಹೊಳೆಯುವದಿಲ್ಲ. ಆದ್ದರಿಂದ ಈ ಸಲದ ಪಾಠಕ್ಕೆ ಅದನ್ನೇ ಎತ್ತಿಕೊಂಡಿದ್ದೇವೆ.

ಪದಾರ್ಥದ ಶತ್ರು ಯಾರು?

ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಡಬ್ಬಿಯು ಯಾವ ಪದಾರ್ಥವನ್ನೂ ತಾಜಾ ಮಾಡುವದಿಲ್ಲ. ಅದನ್ನು ಕೆಡಿಸುವ ಶತ್ರುವನ್ನು ಹೊರಗೆ ತಡೆಯುವದಷ್ಟೇ ಅದರ ಕೆಲಸ. ಆ ಶತ್ರುಗಳೂ ಬೇರೆ ಬೇರೆ. ಚಿವಡಾ, ಹಪ್ಪಳ, ಅವಲಕ್ಕಿಗಳಿಗೆ ತೇವವೇ ಶತ್ರು. ಶೇಂಗಾ, ಗುರೆಳ್ಳು, ಅಗಸಿಗಳಲ್ಲಿ ಎಣ್ಣೆಯ ಅಂಶ ಹೆಚ್ಚಾದ್ದರಿಂದ ಅವುಗಳ ಚಟ್ನಿಗೆ ಗಾಳಿಯೂ ಬೆಳಕೂ ಶತ್ರು. ಎಣ್ಣೆಯು ಗಾಳಿಯೊಳಗಿನ ಆಮ್ಲಜನಕದೊಡನೆ ಕೂಡಿದಾಗಲೇ ಕಮಟು ವಾಸನೆ ಹುಟ್ಟುತ್ತದೆ. ಬೇಳೆಕಾಳುಗಳಿಗೆ ಹುಳದ ಕಾಟ. ಅನ್ನ, ಸಾರು, ಪಲ್ಲೆಗಳಿಗೆ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳ ಕಾಟ. ಆದ್ದರಿಂದ “ಯಾವ ಡಬ್ಬಿ ಒಳ್ಳೆಯದು?” ಎಂದು ಅಂಗಡಿಯವನನ್ನು ಕೇಳುವ ಮೊದಲು “ಈ ಪದಾರ್ಥದ ಶತ್ರು ಯಾರು?” ಎಂದು ನಮ್ಮನ್ನು ನಾವೇ ಕೇಳಿಕೊಳ್ಳುವದು ಮೇಲು.

ಡಬ್ಬಿಯ ತಳದ ಅಂಕೆ

ಪ್ಲಾಸ್ಟಿಕ್ ಎಂಬುದು ಒಂದೇ ವಸ್ತುವಲ್ಲ. ಅದೊಂದು ದೊಡ್ಡ ಕುಟುಂಬದ ಹೆಸರು. ಪಾಲಿಥೀನ್ 1933ರಲ್ಲಿ ಇಂಗ್ಲೆಂಡಿನ ಪ್ರಯೋಗಶಾಲೆಯೊಂದರಲ್ಲಿ ಆಕಸ್ಮಿಕವಾಗಿ ದೊರೆಯಿತು. ಇಟಲಿಯ ಜೂಲಿಯೊ ನಟ್ಟಾ ಎಂಬ ವಿಜ್ಞಾನಿಯು 1954ರಲ್ಲಿ ಗಟ್ಟಿಯಾದ ಪಾಲಿಪ್ರೊಪಿಲೀನನ್ನು ಸಿದ್ಧಗೊಳಿಸಿದನು. ಇಂದು ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿ ಬಹುಪಾಲು ಈ ಎರಡು ಮನೆತನಗಳವೇ. ಡಬ್ಬಿಯನ್ನು ತಿರುವಿ ನೋಡಿದರೆ ತಳದಲ್ಲಿ ತ್ರಿಕೋನವೂ ಅದರೊಳಗೆ 1ರಿಂದ 7ರ ವರೆಗಿನ ಒಂದು ಅಂಕೆಯೂ ಕಾಣುತ್ತವೆ.

1 ಎಂದರೆ ಪೆಟ್. ನೀರಿನ ಬಾಟಲಿಗಳೂ ಗಾಜಿನಂತೆ ಹೊಳೆಯುವ ಬರಣಿಗಳೂ ಇದರವು. ಗಾಳಿಯನ್ನು ತಡೆಯುವದರಲ್ಲಿ ಇದು ಪಾಲಿಪ್ರೊಪಿಲೀನಿಗಿಂತ ಬಹಳ ಮೇಲು. ಆದರೆ ಸುಮಾರು 70 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮೆತ್ತಗಾಗಿ ಸೊಟ್ಟಗಾಗುತ್ತದೆ.

2 ಎಂದರೆ ಗಟ್ಟಿ ಜಾತಿಯ ಪಾಲಿಥೀನ್, 4 ಎಂದರೆ ಮೆದು ಜಾತಿಯದು. ಕಾಳು, ಸಕ್ಕರೆ, ಉಪ್ಪು ತುಂಬಿಡುವದಕ್ಕೆ 2ರ ಡಬ್ಬಿ ತಕ್ಕದ್ದು. ಬಾಗುವ ಮುಚ್ಚಳಗಳು ಹೆಚ್ಚಾಗಿ 4ರವು.

5 ಎಂದರೆ ಪಾಲಿಪ್ರೊಪಿಲೀನ್. ಇದು ಕರಗಬೇಕಾದರೆ ಸುಮಾರು 160 ಡಿಗ್ರಿ ಬೇಕು. ಆದ್ದರಿಂದ ಪ್ಲಾಸ್ಟಿಕ್ಕುಗಳಲ್ಲಿ ಬಿಸಿಯನ್ನು ಚೆನ್ನಾಗಿ ತಾಳುವದೆಂದು ಹೆಸರಾಗಿದೆ. ತೇವವನ್ನು ಚೆನ್ನಾಗಿ ತಡೆಯುತ್ತದೆ, ಗಾಳಿಯನ್ನು ಅಷ್ಟಾಗಿ ತಡೆಯದು. ಫ್ರಿಜ್ಜಿನ ಹಿಮಗಟ್ಟುವ ಖಾನೆಯಲ್ಲಿಟ್ಟರೆ ಪೆಡಸಾಗಿ, ಕೈಜಾರಿ ಬಿದ್ದಾಗ ಸೀಳಬಹುದು.

3 ಪಿವಿಸಿ, 6 ಪಾಲಿಸ್ಟೈರೀನ್. ಆಹಾರ ತುಂಬಿಡಲು ಇವೆರಡನ್ನೂ ಬಿಡುವದು ಲೇಸು. 7 ಎಂದರೆ “ಉಳಿದವು” ಎಂದಷ್ಟೇ ಅರ್ಥ. ಅದರಲ್ಲಿ ಪಾಲಿಕಾರ್ಬೊನೇಟೂ ಸೇರುತ್ತದೆ. ಅದರಿಂದ ಇಳಿಯಬಹುದಾದ ಬಿಸ್‌ಫಿನಾಲ್-ಎ ಎಂಬ ರಾಸಾಯನಿಕಕ್ಕೆ ನಮ್ಮ ದೇಶದಲ್ಲಿ ಕೂಸುಗಳ ಹಾಲಿನ ಬಾಟಲಿಯಲ್ಲಿ ಅವಕಾಶವಿಲ್ಲ. ಯುರೋಪಿನ ಒಕ್ಕೂಟವಂತೂ 2024ರ ಡಿಸೆಂಬರದಲ್ಲಿ, ಆಹಾರಕ್ಕೆ ತಗಲುವ ಸಾಮಗ್ರಿಗಳಲ್ಲಿ ಅದನ್ನು ನಿಷೇಧಿಸುವ ನಿಯಮವನ್ನೇ ಮಾಡಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕಾಗಿದೆ. “5 ಅಂಕೆ ಇದೆ, ಆದ್ದರಿಂದ ಊಟಕ್ಕೆ ಯೋಗ್ಯ” ಎಂದು ಹಲವರು ನಂಬುತ್ತಾರೆ. ಈ ಅಂಕೆಗಳನ್ನು 1988ರಲ್ಲಿ ಅಮೇರಿಕೆಯ ಪ್ಲಾಸ್ಟಿಕ್ ಉದ್ಯಮದವರು ಹೊರಡಿಸಿದ್ದು ರದ್ದಿ ಪ್ಲಾಸ್ಟಿಕ್ಕನ್ನು ಬೇರ್ಪಡಿಸುವ ಅನುಕೂಲಕ್ಕಾಗಿ. ಅಡಿಗೆಮನೆಯ ಹಿತಕ್ಕಾಗಿ ಅಲ್ಲ. ಅಂಕೆಯು ಮೂಲ ಪದಾರ್ಥವನ್ನು ಹೇಳುತ್ತದೆಯೇ ಹೊರತು ಅದಕ್ಕೆ ಬೆರಸಿದ ಬಣ್ಣವನ್ನಾಗಲಿ ಇತರ ದ್ರವ್ಯಗಳನ್ನಾಗಲಿ ಹೇಳುವದಿಲ್ಲ. ಆದ್ದರಿಂದ ಅಂಕೆಯ ಜೊತೆಗೆ, ಆಹಾರಕ್ಕೆ ಯೋಗ್ಯವೆಂಬ ಬರಹವನ್ನೋ ಲೋಟ ಮತ್ತು ಮುಳ್ಳುಚಮಚದ ಗುರುತನ್ನೋ, ಮಾಡಿದವರ ಹೆಸರನ್ನೋ ಹುಡುಕಬೇಕು. ಹೆಸರಿಲ್ಲದ, ಮೂಗಿಗೆ ಹಿಡಿದರೆ ಘಾಟು ಬರುವ, ಗಾಢ ಬಣ್ಣದ ಅಗ್ಗದ ಡಬ್ಬಿಯನ್ನು ಅಂಗಡಿಯಲ್ಲೇ ಬಿಟ್ಟುಬರುವದು ಲಾಭ.

ಡಬ್ಬಿಯಿಂದ ಊಟಕ್ಕೆ ಇಳಿಯುವದೇನು?

ಅರಿಷಿಣ ಹಾಕಿದ ಸಾರನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟರೆ ಡಬ್ಬಿ ಹಳದಿಯಾಗುತ್ತದೆ. ಎಷ್ಟು ತಿಕ್ಕಿದರೂ ಬಿಡದು. ಅರಿಷಿಣದ ಬಣ್ಣ ಎಣ್ಣೆಯೊಡನೆ ಪ್ಲಾಸ್ಟಿಕ್ಕಿನ ಮೈಯೊಳಗೆ ಸೇರಿಕೊಂಡಿರುತ್ತದೆ. ಇಂಗಿನ ವಾಸನೆಯದೂ ಅದೇ ಕಥೆ. ಸಾರಿನದು ಡಬ್ಬಿಗೆ ಇಳಿದದ್ದು ನಮಗೆ ಕಾಣುತ್ತದೆ. ಡಬ್ಬಿಯದು ಸಾರಿಗೆ ಇಳಿದರೆ ಕಾಣುವದಿಲ್ಲ. ಇಷ್ಟೇ ವ್ಯತ್ಯಾಸ. ಬಿಸಿ, ಎಣ್ಣೆ, ಹುಳಿ ಇವು ಮೂರೂ ಈ ಇಳಿತವನ್ನು ಹೆಚ್ಚಿಸುತ್ತವೆ. ಎಷ್ಟು ಹೆಚ್ಚು ಹೊತ್ತು ಇಟ್ಟರೆ ಅಷ್ಟು ಹೆಚ್ಚು.

ಸರಕಾರವು ಇದಕ್ಕೆ ಒಂದು ಮೇರೆಯನ್ನು ಹಾಕಿದೆ. ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮಗಳ ಮೇರೆಗೆ, ಪರೀಕ್ಷೆಯಲ್ಲಿ ಪ್ಲಾಸ್ಟಿಕ್ಕಿನಿಂದ ಇಳಿಯುವ ಎಲ್ಲ ದ್ರವ್ಯಗಳ ಮೊತ್ತವು ಒಂದು ಕಿಲೋಗ್ರಾಮಿಗೆ 60 ಮಿಲಿಗ್ರಾಮನ್ನು ಮೀರಕೂಡದು. ಆದರೆ ಈ ಪರೀಕ್ಷೆಯನ್ನು ಡಬ್ಬಿಯ ಉದ್ದೇಶಕ್ಕೆ ತಕ್ಕ ಬಿಸಿಯಲ್ಲಿ, ತಕ್ಕ ಹೊತ್ತು ನಡೆಸುತ್ತಾರೆ. ತಣ್ಣನೆಯ ಐಸ್‌ಕ್ರೀಮಿಗೆಂದು ಮಾಡಿದ ಡಬ್ಬಿಗೆ ಕುದಿಯುವ ಸಾಂಬಾರು ಸುರಿದರೆ ಆ ಪರೀಕ್ಷೆಯ ಮಾತು ಅಲ್ಲಿಗೆ ಸಲ್ಲುವದಿಲ್ಲ. ಹೋಟೆಲಿನಿಂದ ಪಾರ್ಸೆಲ್ಲಾಗಿ ಬಂದ ತೆಳು ಡಬ್ಬಿಗಳನ್ನು ತೊಳೆದು ಕೂಡಿಡುವ ರೂಢಿ ನಮ್ಮಲ್ಲಿ ಬಹಳ. ಒಮ್ಮೆ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ಸಾಮಾನುಗಳನ್ನು ಮಹಾರಾಷ್ಟ್ರ ಸರಕಾರವು 2018ರ ಮಾರ್ಚಿನಲ್ಲಿ ನಿಷೇಧಿಸಿದ್ದರೂ ಇಂಥ ಡಬ್ಬಿಗಳು ಮನೆಗೆ ಬರುವದು ತಪ್ಪಿಲ್ಲ. ಅವುಗಳಲ್ಲಿ ಗುಂಡಿ, ಸೂಜಿ, ದಾರ ಇಡಬಹುದು. ಬಿಸಿ ಊಟ ಕೂಡದು. ಬಣ್ಣ, ಎಣ್ಣೆ, ರಾಸಾಯನಿಕಗಳು ಬಂದ ಪೀಪಾಯಿಗಳಲ್ಲಿ ಕಾಳನ್ನಾಗಲಿ ಕುಡಿಯುವ ನೀರನ್ನಾಗಲಿ ತುಂಬುವದು ಇನ್ನೂ ಅಪಾಯ.

ಮೈಕ್ರೋವೇವ್ ಒಲೆಯ ಬಗೆಗೂ ಒಂದು ಮಾತು. ಅಮೇರಿಕೆಯ ನೆಬ್ರಾಸ್ಕ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಅಭ್ಯಾಸದಲ್ಲಿ, ಮೂರು ನಿಮಿಷ ಹೀಗೆ ಕಾಯಿಸಿದಾಗ ಕೆಲವು ಡಬ್ಬಿಗಳ ಒಂದು ಚದರ ಸೆಂಟಿಮೀಟರಿನಿಂದಲೇ 40 ಲಕ್ಷಕ್ಕೂ ಮೇಲೆ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಹೊರಬಿದ್ದದ್ದು ಕಂಡಿತು. ಅವುಗಳಿಂದ ಶರೀರಕ್ಕೆ ಆಗುವ ಪರಿಣಾಮದ ಚರ್ಚೆ ಇನ್ನೂ ನಡೆದಿದೆ. ಚರ್ಚೆ ಮುಗಿಯುವ ವರೆಗೆ ನಾವು ಕಾಯಬೇಕಾಗಿಲ್ಲ. ಊಟವನ್ನು ಗಾಜಿನ ಇಲ್ಲವೆ ಪಿಂಗಾಣಿಯ ಪಾತ್ರೆಗೆ ಸುರಿದು ಕಾಯಿಸಿದರೆ ತೀರಿತು. ಮಕ್ಕಳ ಊಟದ ಮಟ್ಟಿಗಂತೂ ಈ ನಿಯಮವನ್ನು ಸಡಿಲಿಸದಿರುವದು ಒಳ್ಳೆಯದು.

ಯಾವದಕ್ಕೆ ಯಾವ ಡಬ್ಬಿ?

ಬೇಳೆ, ಅಕ್ಕಿ, ಜೋಳ, ಗೋದಿ: 2 ಅಥವಾ 5ರ ಗಟ್ಟಿ ಡಬ್ಬಿ ಸಾಕು. ಬಿಸಿಲಿಗೆ ಹಾಕಿದ ಕಾಳು ಪೂರ್ತಿ ಆರಿದ ಮೇಲೆಯೇ ತುಂಬಬೇಕು. ಬೇಳೆಗೆ ಔಡಲೆಣ್ಣೆ ಸವರುವ ಹಳೆಯ ಪದ್ಧತಿ ಒಳ್ಳೆಯದೇ. ಹುಳಕ್ಕೆಂದು ಪೇಟೆಯಲ್ಲಿ ಸಿಗುವ ವಿಷದ ಗುಳಿಗೆಗಳನ್ನು ಮಾತ್ರ ಮನೆಯೊಳಗೆ ತರಲೇಕೂಡದು. ಅವುಗಳಿಂದ ಹೊರಡುವ ವಿಷವಾಯು ಮುಚ್ಚಿದ ಕೋಣೆಯಲ್ಲಿ ಪ್ರಾಣ ತೆಗೆಯಬಲ್ಲದು.

ಹಿಟ್ಟು: ಗಿರಣಿಯಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ. ಹಾಗೆಯೇ ಮುಚ್ಚಿದರೆ ಮುಚ್ಚಳದ ಒಳಮೈ ಬೆವರಿ, ಆ ನೀರು ಹಿಟ್ಟಿಗೇ ಇಳಿದು ಮುಗ್ಗಲು ಹಿಡಿಯುತ್ತದೆ. ಅಗಲವಾದ ಪರಾತದಲ್ಲಿ ಹರಡಿ, ಆರಿದ ಮೇಲೆ ತುಂಬಬೇಕು. ಸಜ್ಜೆಯ ಹಿಟ್ಟು ತನ್ನ ಎಣ್ಣೆಯ ಅಂಶದಿಂದ ಬೇಗ ಕಹಿಯಾಗುತ್ತದೆ. ಅದಕ್ಕೆ ಡಬ್ಬಿಯಲ್ಲಿ ಮದ್ದಿಲ್ಲ; ಒಂದು ವಾರಕ್ಕೆ ಬೇಕಾದಷ್ಟನ್ನೇ ಬೀಸಿಸುವದೇ ಮದ್ದು.

ಶೇಂಗಾ, ಗುರೆಳ್ಳು, ಅಗಸಿ ಚಟ್ನಿ: ಇವಕ್ಕೆ ಸ್ಟೀಲ್ ಡಬ್ಬಿಯೋ ಗಾಜಿನ ಬರಣಿಯೋ ಉತ್ತಮ, ಅದು ಇಲ್ಲದಿದ್ದರೆ 1ರ ಬರಣಿ. ಗಾಜಾಗಲಿ ಪೆಟ್ ಆಗಲಿ ಕಪಾಟಿನ ಕತ್ತಲೆಯಲ್ಲಿರಬೇಕು. ಎಲ್ಲವನ್ನೂ ಒಂದೇ ದೊಡ್ಡ ಡಬ್ಬಿಗೆ ಸುರಿಯದೆ, ವಾರಕ್ಕೆ ಸಾಕಾಗುವಷ್ಟನ್ನು ಸಣ್ಣದರಲ್ಲಿಟ್ಟು ಉಳಿದದ್ದನ್ನು ಮುಚ್ಚಿಯೇ ಇಡಬೇಕು. ಅರ್ಧ ಬರಿದಾದ ಡಬ್ಬಿಯಲ್ಲಿ ಅರ್ಧ ಗಾಳಿಯೇ ಇರುತ್ತದೆಂಬುದನ್ನು ಮರೆಯಬಾರದು.

ಚಿವಡಾ, ಚಕ್ಕಲಿ, ಹಪ್ಪಳ: ಇಲ್ಲಿ ಡಬ್ಬಿಗಿಂತ ಮುಚ್ಚಳ ಮುಖ್ಯ. ಮುಚ್ಚಳದೊಳಗೆ ರಬ್ಬರಿನ ಉಂಗುರವಿದ್ದು, ಅದು ಬಿರಿಯದೆ ಸರಿಯಾಗಿ ಕೂತಿರಬೇಕು.

ಉಪ್ಪಿನಕಾಯಿ: ಎಣ್ಣೆ, ಉಪ್ಪು, ಹುಳಿ ಮೂರೂ ಕೂಡಿದ್ದರಿಂದ ಪ್ಲಾಸ್ಟಿಕ್ ಬೇಡ. ಅಜ್ಜಿಯ ಕಾಲದ ಚೀನೀ ಮಣ್ಣಿನ ಭರಣಿಯನ್ನು ಮೀರಿಸುವದು ಇನ್ನೂ ಬಂದಿಲ್ಲ. ಗಾಜು ಅದರ ತಂಗಿ.

ಕೊತ್ತಂಬರಿ, ಮೆಂತೆ ಸೊಪ್ಪು: ಕಿತ್ತ ಮೇಲೂ ಸೊಪ್ಪು ಉಸಿರಾಡುತ್ತಲೇ ಇರುತ್ತದೆ. ಒದ್ದೆಯಾಗಿ ಬಿಗಿಮುಚ್ಚಳದಲ್ಲಿಟ್ಟರೆ ಕೊಳೆಯುತ್ತದೆ. ನೀರಾರಿಸಿ, ಒಣ ಬಟ್ಟೆ ಹಾಸಿದ ಡಬ್ಬಿಯಲ್ಲಿಟ್ಟು, ಫ್ರಿಜ್ಜಿನಲ್ಲಿಡಬೇಕು.

ಅನ್ನ, ಸಾರು, ಪಲ್ಲೆ: ಇಲ್ಲಿಯೇ ಹೆಚ್ಚಿನ ಎಚ್ಚರ ಬೇಕು. ಗಾಳಿ ಹೋಗದ ಡಬ್ಬಿಯಲ್ಲಿಟ್ಟರೆ ಅನ್ನ ಕೆಡದೆಂಬುದು ಸುಳ್ಳು. ಅಕ್ಕಿಯೊಳಗಿನ ಒಂದು ಜಾತಿಯ ಸೂಕ್ಷ್ಮಜೀವಿಯ ಬೀಜಕಣಗಳು ಕುದಿಸಿದರೂ ಸಾಯುವದಿಲ್ಲ. ಅನ್ನ ಬೆಚ್ಚಗೆ ಉಳಿದಾಗ ಅವು ಮೊಳೆತು ವಿಷವನ್ನು ಉಂಟುಮಾಡುತ್ತವೆ. ಆ ವಿಷವು ಮತ್ತೆ ಕಾಯಿಸಿದರೂ ಹೋಗದು. ಆದ್ದರಿಂದ ಉಳಿದ ಅನ್ನವನ್ನು ಅಗಲವಾದ ಪಾತ್ರೆಯಲ್ಲಿ ಬೇಗ ಆರಿಸಿ, ಎರಡು ತಾಸಿನೊಳಗೆ ಫ್ರಿಜ್ಜಿಗೆ ಸೇರಿಸಬೇಕು. ಅದರ ಶೀತ 5 ಡಿಗ್ರಿಗಿಂತ ಕೆಳಗಿರಬೇಕು. ಆಫೀಸಿಗೆ, ಶಾಲೆಗೆ ಒಯ್ಯುವ ಬಿಸಿ ಊಟಕ್ಕೆ ಸ್ಟೀಲ್ ಡಬ್ಬಿಯೇ ಸರಿ.

ಮನೆಯಲ್ಲಿ ಮಾಡಿ ನೋಡುವ ಮೂರು ಪರೀಕ್ಷೆಗಳು

ಒಂದು: ಹೊಸ ಡಬ್ಬಿಗೆ ನೀರು ತುಂಬಿ, ಮುಚ್ಚಿ, ಒಣ ಕಾಗದದ ಮೇಲೆ ಒಂದು ತಾಸು ಬೋರಲು ಹಾಕಿರಿ. ಕಾಗದ ತೊಯ್ದರೆ ಮುಚ್ಚಳ ಸರಿಯಿಲ್ಲ.

ಎರಡು: ಉಗುರುಬೆಚ್ಚಗಿನ ನೀರು ಹಾಕಿ ಹತ್ತು ನಿಮಿಷ ಮುಚ್ಚಿಟ್ಟು, ತೆರೆದು ಮೂಸಿರಿ. ಘಾಟು ಬಂದರೆ ಅದು ಆಹಾರದ ಡಬ್ಬಿಯಲ್ಲ.

ಮೂರು: ಮಳೆಗಾಲದ ದಿನ ಒಂದು ಹಿಡಿ ಗರಿಗರಿಯಾದ ಚುರುಮುರಿಯನ್ನು ಹಾಕಿ ಎರಡು ದಿನ ಬಿಡಿರಿ. ಗರಿಗರಿ ಉಳಿದಿದ್ದರೆ ಚಿವಡಾಕ್ಕೆ ಆ ಡಬ್ಬಿಯನ್ನು ನಂಬಬಹುದು.

ಹಳೆಯ ಡಬ್ಬಿಗಳನ್ನೂ ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಒಳಮೈಯಲ್ಲಿ ಗೀರು ಬಿದ್ದಿದ್ದರೆ, ಮಸುಕಾಗಿದ್ದರೆ, ತೊಳೆದರೂ ಜಿಡ್ಡು ಇಲ್ಲವೆ ವಾಸನೆ ಹೋಗದಿದ್ದರೆ, ಮುಚ್ಚಳ ಸೊಟ್ಟಗಾಗಿದ್ದರೆ ಅಡಿಗೆಮನೆಯಿಂದ ಅದಕ್ಕೆ ನಿವೃತ್ತಿ ಕೊಡಬೇಕು. ಗೀರುಗಳಲ್ಲಿ ಜಿಡ್ಡೂ ಸೂಕ್ಷ್ಮಜೀವಿಗಳೂ ಮನೆಮಾಡುತ್ತವೆ. ತಂತಿಯ ಉಜ್ಜುಗದಿಂದ ಪ್ಲಾಸ್ಟಿಕ್ಕನ್ನು ತಿಕ್ಕಿದರೆ ಆ ಗೀರುಗಳನ್ನು ನಾವೇ ಮಾಡಿದಂತೆ. ಹಳೆಯದು ಮುಗಿಯುವ ಮೊದಲು ಅದರ ಮೇಲೆಯೇ ಹೊಸದನ್ನು ಸುರಿಯುವ ಅಭ್ಯಾಸವನ್ನೂ ಬಿಡಬೇಕು.

ನಮ್ಮೂರಿನ ಪಾಷಾಣ ರಸ್ತೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಶಾಲೆಯು 1950ರ ಜನವರಿಯಲ್ಲಿ ಆರಂಭವಾಯಿತು. ಪ್ಲಾಸ್ಟಿಕ್ಕಿನ ಕುಲದ ಪದಾರ್ಥಗಳ ಸಂಶೋಧನೆ ಅಲ್ಲಿ ನಡೆಯುತ್ತದೆ. ಅದೇ ವರ್ಷದ ಅಕ್ಟೋಬರದಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ಸಂಶೋಧನಾಲಯ ಪ್ರಾರಂಭವಾಯಿತು. ಆಹಾರ ಕೆಡದಂತೆ ಇಡುವ ವಿದ್ಯೆ ಅಲ್ಲಿಯದು. ಒಂದು ನಾವು ಬಾಳುವ ಊರಿನದು, ಇನ್ನೊಂದು ನಮ್ಮ ನಾಡಿನದು. ಡಬ್ಬಿಯ ವಿದ್ಯೆಯೂ ಅನ್ನದ ವಿದ್ಯೆಯೂ ಒಂದನ್ನೊಂದು ಕೂಡಿಯೇ ಪೂರ್ಣವಾಗುತ್ತವೆ ಎಂಬುದಕ್ಕೆ ಇದೊಂದು ಒಳ್ಳೆಯ ಗುರುತು.

ಇಷ್ಟೆಲ್ಲ ಓದಿದ ಮೇಲೆ ಮನೆಯ ಡಬ್ಬಿಗಳನ್ನೆಲ್ಲ ಹೊರಗೆಸೆದು ಹೊಸದನ್ನು ಕೊಳ್ಳಲು ಹೊರಡಬೇಕಾಗಿಲ್ಲ. ಬಿಸಿಯದು, ಎಣ್ಣೆಯದು, ಹುಳಿಯದು ಸ್ಟೀಲಿಗೆ, ಗಾಜಿಗೆ, ಭರಣಿಗೆ. ಒಣಗಿದ್ದು, ತಣ್ಣಗಿದ್ದು ಒಳ್ಳೆಯ ಪ್ಲಾಸ್ಟಿಕ್ಕಿಗೆ. ಇರುವ ಡಬ್ಬಿಗಳನ್ನೇ ಈ ಪ್ರಕಾರ ಅದಲುಬದಲು ಮಾಡಿದರೆ ಹೆಚ್ಚಿನ ಮನೆಗಳಲ್ಲಿ ಒಂದು ಕಾಸೂ ಖರ್ಚಾಗದೆ ಕೆಲಸ ಮುಗಿಯುತ್ತದೆ. ಬರುವ ರವಿವಾರ ಒಂದು ತಾಸು ಬಿಡುವು ಮಾಡಿಕೊಂಡು, ಮನೆಯವರೆಲ್ಲ ಕೂಡಿ, ಡಬ್ಬಿಗಳ ತಳವನ್ನು ತಿರುವಿ ನೋಡಿರಿ. ಅಂಕೆ ಓದುವ ಕೆಲಸವನ್ನು ಮಕ್ಕಳಿಗೆ ಕೊಟ್ಟರೆ ಅವರಿಗೂ ಪಾಠವಾಗುತ್ತದೆ.