ಮಕ್ಕಳಿಗೂ ಹೇಳಿ ಹೋಗಿ

ರೋಣ, ನರಗುಂದ, ಗಜೇಂದ್ರಗಡದ ಕನ್ನಡ ಶಾಲೆಗಳಲ್ಲಿ ಸಣ್ಣ ಇಯತ್ತೆಯ ಮಕ್ಕಳಿಗೆ ಕಲಿಸುತ್ತ ಬಂದವಳು ನಾನು. ದೊಡ್ಡವರ ಜೊತೆ ಮಾತಾಡುವಾಗ ಇಟ್ಟುಕೊಳ್ಳುವ ಮರ್ಯಾದೆಯನ್ನೇ ಮಕ್ಕಳ ಜೊತೆಗೂ ಇಟ್ಟುಕೊಂಡರೆ ಅವರ ಅರ್ಧ ಹಟ ತಾನೇ ಇಳಿಯುತ್ತದೆ ಎಂಬುದು ನಾನು ಕಂಡ ಮಾತು.

1. ದುಡಿಯಲು ಹೋಗುವಾಗ ಮಗುವಿಗೆ ಹೇಳಿಯೇ ಹೋಗಿ. ಮಳೆ ಕೈಕೊಟ್ಟ ವರ್ಷ ನಮ್ಮ ಕಡೆಯ ಜನ ಗೋವಾ, ಮಂಗಳೂರಿನ ಬಸ್ಸು ಹತ್ತುತ್ತಾರೆ. ಮಕ್ಕಳು ಅಜ್ಜಿಯ ಹತ್ತಿರ. ಅಳುತ್ತದೆಂದು ಹೆದರಿ, ಮಗು ಮಲಗಿದ ಮೇಲೆ ಹೊರಡುವವರೇ ಹೆಚ್ಚು. ರೋಣದ ಹತ್ತಿರದ ಊರಿನ ಹುಡುಗನೊಬ್ಬ ಹೀಗಾದ ಮೇಲೆ ರಾತ್ರಿ ಮಲಗಲು ಒಲ್ಲೆ ಅನ್ನುತ್ತಿದ್ದ. ಅಜ್ಜಿಯ ಸೆರಗಿನ ಚುಂಗನ್ನು ಮುಂಗೈಗೆ ಸುತ್ತಿಕೊಂಡು ಕೂಡುತ್ತಿದ್ದ, ಮರುದಿನ ಶಾಲೆಯಲ್ಲಿ ತೂಕಡಿಸುತ್ತಿದ್ದ. ಮುಂದಿನ ಸಲ ಅವನ ತಾಯಿಗೆ, "ಎರಡು ದಿನ ಮೊದಲೇ ತಿಳಿಸ್ರಿ, ಚೀಲ ತುಂಬೂ ಮುಂದ ಅವನ್ನೂ ಕೂಡಿಸ್ಕೊಳ್ರಿ" ಅಂದೆ. ಪಂಚಮಿಗೆ ಬರ್ತೀವಿ, ದಿನಾ ಊಟ ಆದ ಮೇಲೆ ಫೋನ್ ಮಾಡ್ತೀವಿ ಎಂದು ಆಕೆ ಮಗನಿಗೆ ಹೇಳಿದಳು. ಬಸ್ ಸ್ಟ್ಯಾಂಡಿನಲ್ಲಿ ಹುಡುಗ ಬಿಕ್ಕಿಬಿಕ್ಕಿ ಅತ್ತ. ಆ ರಾತ್ರಿ ಮಲಗಿದ. ಹೇಳಿದ ದಿನ ಬರಲಾಗದಿದ್ದರೆ ಅದನ್ನೂ ಅಜ್ಜಿಯ ಕೈಲಿ ಹೇಳಿಸದೆ ಅವನಿಗೇ ಹೇಳಬೇಕು.

2. "ಆಮ್ಯಾಲ" ಅಂದರೆ ಯಾವಾಗ ಎಂದು ತೋರಿಸಿ. ಗಜೇಂದ್ರಗಡದ ಕೈಮಗ್ಗದ ಮನೆಯೊಂದರಲ್ಲಿ ತಾಯಿ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು, ಮಗಳು ಭುಜ ಜಗ್ಗುತ್ತಿದ್ದಳು. ತಾಯಿ ನೂಲಿನ ಮೇಲೆ ನಾಕು ಬೆರಳಿಟ್ಟು, "ಇಷ್ಟು ನೇಯೂತನಾ ಕೂಡು, ಆಮ್ಯಾಲ ನಿನ್ನ ಮಾತು" ಅಂದಳು. ಹುಡುಗಿ ಲಾಳಿ ಓಡುವುದನ್ನೇ ನೋಡುತ್ತ ಕೂತಳು. ಅಷ್ಟು ನೇಯ್ದಾದದ್ದೇ ತಾಯಿ ಕೈ ನಿಲ್ಲಿಸಿ ಮಗಳ ಕಡೆ ತಿರುಗಿದಳು. ಆ ತಿರುಗಿದ್ದು ದೊಡ್ಡದು. ಅದಿಲ್ಲದಿದ್ದರೆ ನಾಳೆ ಮಗು ನಂಬುವುದಿಲ್ಲ. ರೊಟ್ಟಿ ಬಡಿಯುವವರೂ "ಇನ್ನ ಮೂರು ರೊಟ್ಟಿ" ಅನ್ನಬಹುದಲ್ಲ.

3. "ಅಕ್ಕೋರ, ಹೊಡದು ಕಲಸ್ರಿ" ಎಂದು ಪ್ರೀತಿಯಿಂದಲೇ ಹೇಳುವ ತಂದೆ ತಾಯಿ ಇದ್ದಾರೆ. ನಾನು ಹೊಡೆಯುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯಲ್ಲಿಯೂ ಅಷ್ಟೆ, ಹೊಡೆತಕ್ಕೆ ಹೆದರಿದ ಮಗು ಮೊದಲು ಕಲಿಯುವುದು ತಪ್ಪು ಮುಚ್ಚಿಡುವುದನ್ನು. ಚೆಲ್ಲಿದ ನೀರನ್ನು ಅದೇ ಒರೆಸಲಿ. ಹರಿದ ಪುಸ್ತಕವನ್ನು ಅದೇ ಅಂಟಿಸಲಿ, ನೀವು ಪಕ್ಕದಲ್ಲಿ ಕೂತು ಹಾಳೆ ಹಿಡಿಯಿರಿ. ಯಾವ ಮಗುವಾದರೂ ಹಿಂಸೆಗೆ ಸಿಕ್ಕಿದ್ದು ಗೊತ್ತಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ.

4. ಬೀಗರು ಬಂದಾಗ ಅವರ ಮುಂದೆ ಮಗುವಿನ ಮಾರ್ಕ್ಸು, ಹಾಸಿಗೆ ಒದ್ದೆ ಮಾಡುವ ಸುದ್ದಿ ತೆಗೆಯಬೇಡಿ. ಮಗು ಅಲ್ಲೇ ಬಾಗಿಲ ಹಿಂದೆ ಇರುತ್ತದೆ.

5. ಹಿರಿಮಗಳೂ ಮಗುವೇ. ನರಗುಂದದ ಎರಿ ಹೊಲದಲ್ಲಿ ಕಡಲೆ ಕೀಳುವ ಕಾಲ ಬಂತೆಂದರೆ ಹುಡುಗಿಯರ ಗೈರುಹಾಜರಿ ಏರುತ್ತದೆ. ಇಬ್ಬನಿ ಆರುವುದರೊಳಗೆ ಕಿತ್ತರೆ ಕಾಯಿ ಉದುರುವುದಿಲ್ಲವೆಂದು ತಾಯಿ ನಸುಕಿನಲ್ಲೇ ಹೊರಡುತ್ತಾಳೆ. ತಮ್ಮ ಅಕ್ಕನ ಸೊಂಟ ಏರುತ್ತಾನೆ. "ನಮ್ಮಾಕಿ ಭಾಳ ಶಾಣ್ಯಾಕಿ" ಎಂಬ ಹೊಗಳಿಕೆ ಅವಳಿಗೆ ಸಿಗುತ್ತದೆ, ಆಡುವ ಹೊತ್ತು ಸಿಗುವುದಿಲ್ಲ. ಅಂಗನವಾಡಿಯೋ ಪಂಚಾಯಿತಿಯ ಕೂಸಿನ ಮನೆಯೋ ಇದ್ದರೆ ಕೂಸನ್ನು ಅಲ್ಲಿ ಬಿಡಿ. ಆಗದ ದಿನ "ಇವತ್ತ ನೋಡ್ಕೊಳ್ಳಾಕ ಆಕ್ಕೈತೇನವಾ?" ಎಂದು ಅವಳನ್ನು ಕೇಳಿ. ಒಲ್ಲೆ ಅಂದರೆ ತಮ್ಮನನ್ನು ಎತ್ತಿಕೊಂಡೇ ಶಾಲೆಗೆ ಬರಲಿ, ನಾನು ಚಾಪೆ ಹಾಸಿಕೊಡುತ್ತೇನೆ.